ಹಾಲನ್ ನಿಲ್ಲಿಸಿದ ತಿರುವು

ಇತ್ತಲಾರಿನ ಹಾಲನ್ ಪುಕ್ಕಲನೋ ಗಟ್ಟಿಗನೋ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಅವನ ಬಳಿಯೂ ಇಲ್ಲ. ಅವನ ಹೆಂಡತಿ ಇಂದ್ರಾಣಿಯ ಬಳಿ ಎರಡು ಉತ್ತರಗಳಿವೆ, ದಿನ ನೋಡಿ ಒಂದನ್ನು ಹೇಳುತ್ತಾಳೆ.

ವಯಸ್ಸು ಐವತ್ತೆರಡು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ಹವಾಲ್ದಾರನಾಗಿ ಹಿಂದಿರುಗಿದವನು ಈಗ ಹತ್ತು ವರ್ಷದಿಂದ ಹಟ್ಟಿಯಲ್ಲಿ ಜೀಪು ಓಡಿಸುತ್ತಾನೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಬಿಸಿಲೇರಿದ ಮೇಲೆ ಹಸಿ ಎಲೆಯ ಮೂಟೆಗಳನ್ನು ಚಹಾ ಫ್ಯಾಕ್ಟರಿಗೆ ಸಾಗಿಸುವುದು, ನಡುವೆ ಯಾರಿಗಾದರೂ ಹೊಟ್ಟೆನೋವೆಂದರೆ ಊಟಿಯ ಆಸ್ಪತ್ರೆಗೆ ಓಡುವುದು. ಓಡುವುದು ಎಂದದ್ದು ತಪ್ಪು. ಹಾಲನ್ ಓಡುವವನಲ್ಲ. ಅವನ ಜೀಪಿಗೆ ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ ನಿಜ, ಆದರೆ ಅರ್ಧ ದಾರಿಯನ್ನು ಅವನು ಇಳಿದು ನಡೆದೇ ಹೋಗುತ್ತಾನಲ್ಲ, ಗೀರು ಬೀಳುವುದು ಹೇಗೆ ಎಂದು ಹಟ್ಟಿಯವರು ನಗುತ್ತಾರೆ. ಮಂಜು ಇಳಿದರೆ ನಿಲ್ಲಿಸುತ್ತಾನೆ. ತೋಟದ ಅಂಚಿನಲ್ಲಿ ಕಾಟಿ, ಅಂದರೆ ಕಾಡುಕೋಣ, ನಿಂತಿದ್ದರೆ ಇಂಜಿನ್ ಆರಿಸಿ, ಅದು ತಾನಾಗಿ ಜಾಗ ಬಿಡುವ ತನಕ ಕೂರುತ್ತಾನೆ. ಹಿಂದೆ ಕೂತ ಮಕ್ಕಳು "ಹಾರ್ನ್ ಹೊಡಿ ದೊಡ್ಡಪ್ಪ, ಸ್ಕೂಲಿಗೆ ಲೇಟಾಯ್ತು" ಎಂದು ಕುಣಿದರೆ, "ಹೊಡೆದ ಮೇಲೆ ಅದು ತಿರುಗಿ ನಿಂತ್ರೆ ಇಳಿದು ಮಾತಾಡ್ತೀಯಾ? ಕೂರು" ಎನ್ನುತ್ತಾನೆ.

ನಾನು ಅವನನ್ನು ಮೊದಲು ಕಂಡದ್ದು ಎಲೆಗೆ ಬೆಲೆ ಕೇಳಿ ನಾವು ರಸ್ತೆಯಲ್ಲಿ ಕೂತಿದ್ದ ದಿನ. ಎದುರಿಗೆ ಪೊಲೀಸರು ಲಾಠಿ ಹಿಡಿದು ಸಾಲುಗಟ್ಟಿದ್ದರು. ಕೂಗಿ ಕೂಗಿ ನಮ್ಮ ಗಂಟಲು ಹರಿದಿತ್ತು. ಆಗ ಈ ಮನುಷ್ಯ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ: "ಓಡಬೇಕಾದ್ರೆ ಯಾವ ಕಡೆ?"

"ಓಡೋಕೆ ಬಂದಿದ್ದೀವಾ ಇಲ್ಲಿ?"

"ಹೆಂಗಸರು ಕೂತಿದ್ದಾರೆ. ಕೆಳಗೆ ಕಮರಿ, ಮೇಲೆ ಮುಳ್ಳುತಂತಿ. ದಾರಿ ನೋಡಿ ಇಟ್ಟಿದ್ದೀಯೋ ಇಲ್ಲೆಯೋ, ಅಷ್ಟು ಹೇಳು."

ಪಟ್ಟಾಳದಿಂದ ಬಂದವನು, ಬಂದೂಕು ಹಿಡಿದವರ ನಡುವೆ ಬದುಕಿದವನು, ಹೀಗೆ ಮಾತಾಡುತ್ತಾನಲ್ಲ ಎಂದು ನನಗೆ ಅಸಹ್ಯವಾಯಿತು. ಅಷ್ಟು ವರ್ಷದ ಚಳವಳಿಯಲ್ಲಿ ನಮ್ಮಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳದೆ ಇದ್ದದ್ದಕ್ಕೆ ಹಲವರ ಕಾಲು ಮುರಿದಿದ್ದವು, ಆ ಕಾಲುಗಳನ್ನು ನಾವು ಸಭೆ ಕಟ್ಟಿ ಹೊಗಳಿದ್ದೆವು. ಹಾಲನ್ ನನ್ನ ಉತ್ತರಕ್ಕೆ ಕಾಯಲಿಲ್ಲ. ಎದ್ದು ಹೋಗಿ ಒಂದು ಮೂಲೆಯಲ್ಲಿ ಬೇಲಿಯ ತಂತಿ ಬಿಚ್ಚಿಟ್ಟು ಬಂದು ಮತ್ತೆ ಕೂತ. ಆ ದಿನ ಲಾಠಿ ಏಳಲೇ ಇಲ್ಲ. ಬಿಚ್ಚಿದ ಬೇಲಿಯಿಂದ ಎರಡು ಎಮ್ಮೆ ನುಗ್ಗಿ ಯಾರದೋ ಕ್ಯಾರೆಟ್ ಪಾತಿಯನ್ನು ಹಾಳುಮಾಡಿದವು. ಸಂಜೆ ತನಕ ಬೈಗುಳ ತಿಂದವನು ಹಾಲನ್ ಒಬ್ಬನೇ.

ಸೈನ್ಯದಲ್ಲೂ ಅವನದು ಇಂಥದೇ ಕಥೆ. ಉತ್ತರದ ಗಡಿಯ ಹಿಮದ ಬೆಟ್ಟಗಳಲ್ಲಿ ಮೇಲಿನ ಠಾಣೆಗಳಿಗೆ ಸಾಮಾನು ಹೊತ್ತ ಏಳು ಲಾರಿಗಳ ಸಾಲು ಹೊರಟಿತ್ತು. ದಾರಿಯನ್ನು ಅಡ್ಡಲಾಗಿ ಕತ್ತರಿಸಿ ಹರಿಯುವ ಒಂದು ಹಳ್ಳ. ಬೆಳಿಗ್ಗೆ ಹಿಮ ಗಟ್ಟಿಯಾಗಿರುವಾಗ ಅಲ್ಲಿ ಮೊಣಕಾಲುದ್ದ ನೀರು, ಬಿಸಿಲೇರಿ ಹಿಮ ಕರಗಿದರೆ ಮಧ್ಯಾಹ್ನದ ಮೇಲೆ ಸೊಂಟದ ತನಕ. ಸಾಲು ಅಲ್ಲಿಗೆ ಮುಟ್ಟಿದಾಗ ಮೂರು ಗಂಟೆ. ಎರಡು ಲಾರಿ ದಾಟಿದವು. ಮೂರನೆಯದು ಹಾಲನದು. ಅವನು ಇಳಿದ. ಕಬ್ಬಿಣದ ಸಲಾಕೆಯನ್ನು ನೀರಿಗೆ ಇಳಿಬಿಟ್ಟು ಆಳ ನೋಡಿದ, ನೀರಿನಡಿಯಲ್ಲಿ ಕಲ್ಲು ಉರುಳುವ ಸದ್ದು ಕೇಳಿದ. ಹಿಂದಿರುಗಿ ಸುಬೇದಾರನಿಗೆ ಸೆಲ್ಯೂಟ್ ಹೊಡೆದು ಹೇಳಿದ: "ಕಲ್ ಸುಬಹ್, ಸಾಬ್." ನಾಳೆ ಬೆಳಿಗ್ಗೆ.

ಸುಬೇದಾರ ಬೈಯಲಿಲ್ಲ. "ಮುಂದೆ ಹೋದ ಇಬ್ಬರು ಮನುಷ್ಯರಲ್ಲವಾ?" ಎಂದು ಮಾತ್ರ ಕೇಳಿದ.

ಹಿಂದಿನ ಲಾರಿಯಲ್ಲಿದ್ದವನು ಗೂಡಲೂರಿನ ಮಲಯಾಳಿ, ಸುಧಾಕರನ್. ಒಂದೇ ಜಿಲ್ಲೆಯವರೆಂದು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಸುಧಾಕರನ್ ಹಾಲನ ಲಾರಿಯ ಪಕ್ಕದಿಂದ ಮುಂದೆ ಬಂದು, ನೀರಿಗಿಳಿಸಿ, ದಾಟಿಬಿಟ್ಟ. ಅವನ ಹಿಂದೆ ಉಳಿದ ಮೂವರೂ ದಾಟಿದರು. ಯಾರಿಗೂ ಏನೂ ಆಗಲಿಲ್ಲ. ಹಾಲನ ಲಾರಿಯೊಂದೇ ಈಚೆ ದಡದಲ್ಲಿ ಬೆಳಗಾಗುವ ತನಕ ನಿಂತಿತ್ತು. ಮರುದಿನ ಅವನು ಮೊಣಕಾಲುದ್ದ ನೀರಿನಲ್ಲಿ ಸಲೀಸಾಗಿ ದಾಟಿ ಠಾಣೆಗೆ ಮುಟ್ಟಿದಾಗ ಉಳಿದವರೆಲ್ಲ ಎರಡು ಸಾಲಾಗಿ ನಿಂತು, ಮದುವೆಯ ಗಂಡನ್ನು ಎದುರುಗೊಂಡಂತೆ ಚಪ್ಪಾಳೆ ತಟ್ಟಿದರು. "ಕಲ್ ಸುಬಹ್! ಕಲ್ ಸುಬಹ್!" ನಿವೃತ್ತಿಯ ತನಕ ಅದೇ ಅವನ ಹೆಸರು. ಬಡ್ತಿ ಮೂರು ವರ್ಷ ತಡವಾಯಿತು. ಸುಧಾಕರನ್ ಅವನಿಗಿಂತ ಒಂದು ದರ್ಜೆ ಮೇಲೆ, ನಾಯಬ್ ಸುಬೇದಾರನಾಗಿ ಹೊರಬಂದ.

"ಅವತ್ತು ನೀರಿಗೆ ಇಳಿಸಿದ್ದರೆ ಏನಾಗ್ತಿತ್ತು?" ಎಂದು ನಾನೊಮ್ಮೆ ಕೇಳಿದೆ.

"ದಾಟ್ತಿದ್ದೆ ಅಂತ ಕಾಣ್ತದೆ. ಎಲ್ಲರೂ ದಾಟಿದರಲ್ಲ. ಆದರೆ ಕಲ್ಲು ಉರುಳ್ತಿದ್ದದ್ದು ನಿಜ. ನಾ ಕೇಳಿದೆ."

ಇನ್ನು ತಿರುವಿನ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಆರು ದಿನ ಎಡೆಬಿಡದೆ ಮಳೆ ಹೊಯ್ದಿತ್ತು. ಏಳನೆಯ ದಿನ ಬೆಳಿಗ್ಗೆ ಇಂದ್ರಾಣಿಗೆ ಫೋನ್ ಬಂತು, ತಾಯಿ ಹೋದಳು ಎಂದು. ತವರು ಎಮರಾಲ್ಡ್ ಊರಿನ ಆಚೆಯ ಹಟ್ಟಿ, ಅಣೆಕಟ್ಟಿನ ನೀರಿನ ಆ ಮಗ್ಗುಲು. ಜೀಪಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಮ್ಮ ಬಡಗರಲ್ಲಿ ಸಾವಾದರೆ ಸುತ್ತಲಿನ ಹಟ್ಟಿಗಳೆಲ್ಲ ಎದ್ದು ಹೋಗಬೇಕು. ಹೆಣವನ್ನು ಅಂಗಳದಲ್ಲಿ ಮಂಚದ ಮೇಲೆ ಮಲಗಿಸಿರುತ್ತಾರೆ, ಹೆಂಗಸರು ಮಂಚಕ್ಕೆ ತಲೆಯೊರಗಿಸಿ ಅಳುತ್ತಾರೆ. ಮಗಳಾದವಳು ಬಂದು ತಾಯಿಯ ಮುಖ ನೋಡಿ, ಕೆನ್ನೆ ಮುಟ್ಟಿ ಕಳಿಸಬೇಕು. ಮತ್ತೆ ಮಳೆ ಬರುವ ಮುಂಚೆ, ಎರಡು ಗಂಟೆಗೆ ಹೆಣ ಎತ್ತುತ್ತೇವೆ ಎಂದು ಅಲ್ಲಿನ ಹಿರಿಯರು ತೀರ್ಮಾನ ಮಾಡಿದ್ದರು.

ಹನ್ನೊಂದಕ್ಕೆ ಎರಡು ಜೀಪು ಹೊರಟವು. ಮುಂದೆ ಹಾಲನದು, ಅದರಲ್ಲಿ ಇಂದ್ರಾಣಿ ಮತ್ತು ಹಟ್ಟಿಯ ಐದು ಹೆಂಗಸರು. ಹಿಂದೆ ಸತೀಶ್‌ಕುಮಾರನದು, ಅದರಲ್ಲಿ ಗಂಡಸರು. ಸತೀಶ್ ಹಾಲನ ಅರ್ಧ ವಯಸ್ಸಿನವನು, ಎರಡು ಪಟ್ಟು ವೇಗದವನು.

ಎಮರಾಲ್ಡಿಗೆ ಮುಂಚಿನ ಒಂದು ತಿರುವಿನಲ್ಲಿ ಹಾಲನ್ ಬ್ರೇಕ್ ಹಾಕಿದ. ರಸ್ತೆಯ ಅರ್ಧಕ್ಕೆ, ಕುಡುಗೋಲಿನಂತೆ ಬಾಗಿದ ಒಂದು ಬಿರುಕು. ಕಮರಿಯ ಕಡೆಯ ಕಲ್ಲುಗೋಡೆ ಬಸುರಿಯ ಹೊಟ್ಟೆಯ ಹಾಗೆ ಮುಂದಕ್ಕೆ ಬಂದಿತ್ತು. ಗೋಡೆಯ ಬುಡದಿಂದ ಕೆಂಪು ನೀರು ಒಸರುತ್ತಿತ್ತು. ಹಾಲನ್ ಇಳಿದು ಬಿರುಕಿಗೆ ಸಲಾಕೆ ಇಳಿಸಿದ. ಮೊಣಕೈ ತನಕ ಹೋಯಿತು.

ಸತೀಶ್ ಹಿಂದಿನಿಂದ ಬಂದ. "ಏನಣ್ಣ, ಇಲ್ಲೂ ಕಾಟಿಯಾ?"

"ನೋಡು."

"ನೋಡಿದೆ. ಬೆಳಿಗ್ಗೆ ಹಾಲಿನ ವ್ಯಾನು ಹೋಗಿದೆ, ಟಯರ್ ಗುರುತು ಹಸಿ ಹಸಿ ಇದೆ. ಅದು ಹೋಗಿದ್ದರೆ ನಾವು ಹೋಗಬಾರದಾ?"

"ಅದು ಹೋದಾಗ ಬಿರುಕು ಇಷ್ಟು ಇತ್ತಾ? ನೀ ನಿಂತು ನೋಡಿದೆಯಾ?"

"ಅಣ್ಣ, ಸಾವಿನ ಮನೆಗೆ ಹೋಗ್ತಿದ್ದೀವಿ. ಯೋಚನೆ ಮಾಡೋ ಹೊತ್ತಾ ಇದು?"

"ಇವತ್ತಿಗೆ ಒಂದು ಸಾವು ಸಾಕು ಅಂತಲೇ ಯೋಚನೆ."

ಸತೀಶ್ ಗಂಡಸರನ್ನು ಇಳಿಸಿ ನಡೆಸಿದ. ತಾನು ಗುಡ್ಡದ ಕಡೆಗೆ ಒತ್ತಿಕೊಂಡು, ಒಂದು ಚಕ್ರವನ್ನು ಚರಂಡಿಗೇ ಹಾಕಿ, ದಾಟಿಸಿದ. ಅಂಚಿನಿಂದ ನಾಲ್ಕು ಕಲ್ಲು ಉರುಳಿದವು, ಅಷ್ಟೇ. ಆಚೆ ನಿಂತು ಕೂಗಿದ: "ಬನ್ನಿ, ನಡೆದು ದಾಟಿ ಬನ್ನಿ. ಮಡಿಲ ಮೇಲೆ ಕೂರಿಸಿಕೊಂಡಾದರೂ ಕರ್ಕೊಂಡು ಹೋಗ್ತೀನಿ!"

ಐದು ಹೆಂಗಸರೂ ಇಳಿದರು. ಅವರಲ್ಲಿ ಹಿರಿಯಳು ಕಾಳಿಯಮ್ಮ ಜೀಪಿನ ಬಾಗಿಲು ಹಿಡಿದು ಕರೆದಳು: "ಬಾ ಹೆಣ್ಣೆ. ನಿನ್ನ ಅವ್ವೆ ಅಲ್ಲವಾ ಅಲ್ಲಿ ಮಲಗಿರೋದು?"

ಇಂದ್ರಾಣಿ ಇಳಿಯಲಿಲ್ಲ. "ನೀವು ಹೋಗಿ" ಅಂದಳು.

ಇಲ್ಲಿ ನಡೆದ ತಪ್ಪನ್ನು ನಾನು ಇಬ್ಬರ ಬಾಯಿಂದಲೂ ಬೇರೆ ಬೇರೆ ಕೇಳಿದ್ದೇನೆ. ಹಾಲನ್ ಹೇಳುತ್ತಾನೆ: "ಅವಳು ಇಳಿದು ಹೋಗ್ತಾಳೆ ಅಂತಲೇ ಕಾದೆ. ಗಾಡಿ ನನ್ನ ಹೊಣೆ. ಕೂತವರು ಇಳಿಯೋದು ಅವರಿಷ್ಟ. ತಾಯಿ ಮುಖ ನೋಡೋಕೆ ಹೋಗು ಅಂತ ನಾ ಬಾಯಿಬಿಟ್ಟು ಹೇಳಬೇಕಾ?" ಇಂದ್ರಾಣಿ ಹೇಳುತ್ತಾಳೆ: "ಹೋಗು ಅನ್ನೋ ಒಂದು ಮಾತು ಬಂದಿದ್ದರೆ ಓಡ್ತಿದ್ದೆ. ಬರಲಿಲ್ಲ. ನಾನೂ ಇಳಿದುಬಿಟ್ಟರೆ, ಅವನ ಜೀಪಲ್ಲಿ ಅವನ ಹೆಂಡತಿಯೂ ಕೂರಲಿಲ್ಲ ಅಂತ ನಾಳೆ ಏಳು ಹಟ್ಟಿ ನಗ್ತದೆ. ಪಟ್ಟಾಳದಲ್ಲಿ ಇಟ್ಟ ಹೆಸರು ಸಾಲದಾ ಅವನಿಗೆ?"

ಒಬ್ಬರು ಇನ್ನೊಬ್ಬರ ಮಾತಿಗೆ ಕಾದರು. ಅದರಲ್ಲಿ ಎರಡು ನಿಮಿಷ ಕಳೆಯಿತು. ಸತೀಶನ ಜೀಪು ಹೆಂಗಸರನ್ನೂ ತುರುಕಿಕೊಂಡು ಹೊರಟುಹೋಯಿತು. ಹಾಲನ್ ತನ್ನ ಜೀಪನ್ನು ಹಿಂದಕ್ಕೆ ತಿರುಗಿಸಿದ.

ಮನೆಗೆ ತಿರುಗಿಸಲಿಲ್ಲ. ಬೆಟ್ಟ ಸುತ್ತಿ ಹಿಂಬದಿಯಿಂದ ಆ ಹಟ್ಟಿಗೆ ಸೇರುವ ದೂರದ ದಾರಿಯೊಂದಿದೆ, ಎರಡು ಗಂಟೆ ಹಿಡಿಯುತ್ತದೆ. ಎರಡಕ್ಕೆ ಕಾಲು ಗಂಟೆ ಇರುವಾಗ ಮುಟ್ಟಿಸುತ್ತೇನೆ ಎಂದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಅರ್ಧ ದಾರಿಯಲ್ಲಿ ಒಂದು ನೀಲಗಿರಿ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಗರಗಸ ತಂದು ಕತ್ತರಿಸುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಲ್ಲಿ ಫೋನಿಗೆ ಟವರೂ ಇಲ್ಲ.

ಆ ಕಡೆ ಸತೀಶನ ಜೀಪಿನವರು ಮುಟ್ಟಿ, "ಹಾಲನ್ ತಿರುಗಿಸಿಕೊಂಡು ಹೋದ" ಎಂದರು. ಸುತ್ತುದಾರಿ ಹಿಡಿಯುತ್ತಾನೆಂದು ಅವರಿಗೂ ಗೊತ್ತಿರಲಿಲ್ಲ. ಗಂಡ ಹೆಂಡತಿ ಮನೆಗೆ ಹೋದರು, ಇನ್ನು ಬರುವುದಿಲ್ಲ ಎಂದು ಹಿರಿಯರು ತಿಳಿದರು. ಆದರೂ ಅರ್ಧ ಗಂಟೆ ಕಾದರು. ಮೋಡ ಕಪ್ಪಾಯಿತು. ಎತ್ತಿದರು.

ಜೀಪು ಆ ಅಂಗಳಕ್ಕೆ ಬಂದಾಗ ಮೂರೂಕಾಲು. ಮಂಚ ಇದ್ದ ಕಡೆ ನೆಲದಲ್ಲಿ ನಾಲ್ಕು ಕುಳಿ. ಗಂಡಸರು ಮಣ್ಣು ಕೊಟ್ಟು ಹಿಂದಿರುಗುತ್ತಿದ್ದರು. ಇಂದ್ರಾಣಿ ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅಣ್ಣನನ್ನು ಕೇಳಿದ್ದು ಇಷ್ಟೇ: "ಅವ್ವೆ ಕಣ್ಣು ಮುಚ್ಚಿತ್ತಾ?"

"ಒಂದು ಸ್ವಲ್ಪ ತೆರೆದಿತ್ತು."

ಆಮೇಲಿನ ದಿನಗಳಲ್ಲಿ ಅವಳು ಗಂಡನಿಗೆ ಅನ್ನ ಹಾಕಿದಳು, ಬಟ್ಟೆ ಒಗೆದಳು, ಎಲೆ ಕಿತ್ತಳು. ಮಾತು ಮಾತ್ರ ಉಪ್ಪು, ಸೌದೆ ಇಷ್ಟರಲ್ಲಿ ಮುಗಿಯುತ್ತಿತ್ತು. ಹಾಲನ್ ದಿನಾ ಒಂದು ಹೊತ್ತು ಆ ತಿರುವಿಗೆ ಹೋಗಿ ಸಲಾಕೆ ಇಳಿಸಿ ನೋಡುತ್ತಿದ್ದ. ಅವನ ಪಕ್ಕದಲ್ಲೇ ಬಸ್ಸು ಹೋಗುತ್ತಿತ್ತು, ಶಾಲೆಯ ವ್ಯಾನು, ಕ್ಯಾರೆಟ್ ತುಂಬಿದ ಲಾರಿ. ಡ್ರೈವರುಗಳು ಕೈ ಬೀಸಿ, "ಏನು ಹವಾಲ್ದಾರ್, ನೆಟ್ಟ ಸಲಾಕೆ ಚಿಗುರಿತಾ?" ಎಂದು ಕೇಳಿ ಹೋಗುತ್ತಿದ್ದರು.

"ಅದು ಬಿದ್ದು ಹೋಗಲಿ ಅಂತ ಬೇಡಿಕೊಂಡೆಯಾ?" ಎಂದು ನಾನು ನೇರವಾಗಿಯೇ ಕೇಳಿದೆ.

"ಬೇಡಿಕೊಂಡೆ" ಎಂದ. "ಶಾಲೆ ಮಕ್ಕಳು ಹೋಗೋ ದಾರಿ ಅದು. ಅದಕ್ಕೇ ಸಲಾಕೆ ಹಿಡಿದು ಹೋಗಿ ಅಲ್ಲೇ ನಿಲ್ತಿದ್ದೆ. ಬೀಳಲಿ ಅಂತ ನಿಂತೆನೋ, ಬೀಳದಿರಲಿ ಅಂತ ನಿಂತೆನೋ, ನಂಗೇ ಗೊತ್ತಾಗಲಿಲ್ಲ."

ಹತ್ತೊಂಬತ್ತನೆಯ ದಿನ ಅದು ಬಿತ್ತು. ಮಳೆಯೂ ಇರಲಿಲ್ಲ, ಮಟಮಟ ಮಧ್ಯಾಹ್ನ. ಗೋಡೆ, ರಸ್ತೆಯ ಮುಕ್ಕಾಲು ಪಾಲು, ಮೈಲುಗಲ್ಲು, ಎಲ್ಲ ಜಾರಿ ಕೆಳಗಿನ ಪಾತಿಗಳ ಮೇಲೆ ಕೂತವು. ಆ ಗಳಿಗೆಯಲ್ಲಿ ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ.

ಹಟ್ಟಿ ಎರಡು ಭಾಗವಾಯಿತು. ಚಹಾ ಅಂಗಡಿಯಲ್ಲಿ ಒಬ್ಬರು "ಹಾಲನ್ ಅವತ್ತೇ ಹೇಳಿದ್ದ" ಅಂದರು. ಸತೀಶ್ ಬಿಡಲಿಲ್ಲ: "ಹತ್ತೊಂಬತ್ತು ದಿನ ಊರೇ ಅದರ ಮೇಲೆ ಓಡಾಡಿತಲ್ಲ? ನಾನೂ ಒಂದು ದಿನ ಸಾಯ್ತೀನಿ ಅಂತ ಇವತ್ತೇ ಹೇಳ್ತೀನಿ, ನನ್ನನ್ನೂ ಜ್ಞಾನಿ ಅನ್ನಿ." ಎಲ್ಲರೂ ನಕ್ಕರು. ನನಗೂ ನಗು ಬಂತು. ಆಮೇಲೆ ಮನೆಗೆ ಬಂದು ಯೋಚಿಸಿದರೆ ನಗುವುದಕ್ಕೆ ಏನಿದೆ ಎಂದು ತಿಳಿಯಲಿಲ್ಲ.

ಹಾಲನ್ ಸುದ್ದಿ ಹೇಳಲು ಮನೆಗೆ ಓಡಿದ. ಅವನ ಆಯುಸ್ಸಿನಲ್ಲಿ ಓಡಿದ್ದು ಅದೊಂದು ಸಲ ಇರಬೇಕು. ಇಂದ್ರಾಣಿ ಒಲೆ ಮುಂದಿದ್ದಳು. ಕೇಳಿ, ಕೊಳವೆಯಲ್ಲಿ ಒಂದು ಸಲ ಊದಿ, "ಅವತ್ತು ಬೀಳಲಿಲ್ಲವಲ್ಲ" ಅಂದಳು.

ಇದಾದ ವಾರಕ್ಕೆ ಅವನು ಗೂಡಲೂರಿಗೆ ಹೊರಟ, ನನ್ನನ್ನೂ ಎಳೆದುಕೊಂಡು. ಸುಧಾಕರನ್ ಅಲ್ಲಿ ಬಸ್ ನಿಲ್ದಾಣದ ಹಿಂದೆ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ದಪ್ಪ ಮೀಸೆ, ದಪ್ಪ ಹೊಟ್ಟೆ, ದಪ್ಪ ನಗು.

"ಎಡಾ, ಕಲ್ ಸುಬಹ್! ಇವತ್ತೇ ಬಂದುಬಿಟ್ಟೆಯಲ್ಲೋ!"

ಚಹಾ ಬಂತು. ಹಾಲನ್ ಸುತ್ತಿ ಬಳಸದೆ ಕೇಳಿದ: "ಅವತ್ತು ಆ ನೀರಿಗೆ ನೀ ಹೆಂಗೆ ಇಳಿಸಿದೆ? ಹೆದರಿಕೆ ಆಗಲಿಲ್ಲವಾ?"

ಸುಧಾಕರನ್ ಮೀಸೆ ಒರೆಸಿಕೊಂಡ. "ಹೆದರಿಯೇ ಇಳಿಸಿದ್ದು. ನೀರಿಗಲ್ಲ, ಆ ಸುಬೇದಾರನ ಮುಖಕ್ಕೆ. ನೀನು ಬೇರೆ ಇಲ್ಲ ಅಂದುಬಿಟ್ಟಿದ್ದೆ. ನಾನೂ ಇಲ್ಲ ಅಂದ್ರೆ, ಆ ತಮಿಳುನಾಡಿನವರಿಬ್ಬರೂ ಒಂದೇ ಅನ್ನೋರು. ನಡು ನೀರಲ್ಲಿ ಹಿಂದಿನ ಚಕ್ರ ಜಾರಿ ಗಾಡಿ ಒಂದು ಗೇಣು ತೇಲಿತು. ಪ್ಯಾಂಟ್ ಒದ್ದೆ ಆಯ್ತು ಕಣೋ. ನೀರಿನದಾ ನನ್ನದಾ ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ."

"ಹಾಗಾದ್ರೆ ನಾ ನಿಂತದ್ದು ಸರಿ."

"ಸರಿ ಅಂತ ನಾನೆಲ್ಲಿ ಹೇಳಿದೆ?" ಸುಧಾಕರನ್ ಗ್ಲಾಸು ಕೆಳಗಿಟ್ಟ. "ಮೇಲಿನ ಠಾಣೆಗೆ ಹೋಗಬೇಕಿದ್ದ ಸೀಮೆಎಣ್ಣೆ ಪೂರ್ತಿ ನಿನ್ನ ಲಾರಿಯಲ್ಲಿತ್ತು. ಅವರ ಬುಖಾರಿ ಒಲೆ ಆ ರಾತ್ರಿ ಉರಿಯಲಿಲ್ಲ. ಒಬ್ಬನ ಎರಡು ಕಾಲ್ಬೆರಳು ಕಪ್ಪಾಗಿ, ಆಮೇಲೆ ತೆಗೆಯಬೇಕಾಯ್ತು. ನಿಂಗೆ ಯಾರೂ ಹೇಳಲಿಲ್ಲವಾ?"

"ಇಲ್ಲೆ" ಎಂದ ಹಾಲನ್.

"ಅದು ಆ ರಾತ್ರಿಯ ಚಳಿಯೋ, ಅದರ ಹಿಂದಿನ ವಾರದ್ದೋ, ಡಾಕ್ಟರಿಗೂ ಗೊತ್ತಿರಲಿಲ್ಲ. ನೀನು ಇಳಿಸಿದ್ದರೆ ಎಣ್ಣೆ ಸಮೇತ ಕೊಚ್ಚಿಕೊಂಡು ಹೋಗ್ತಿದ್ದೆಯೋ ಏನೋ, ಅದೂ ಗೊತ್ತಿಲ್ಲ. ಅದಕ್ಕೇ ಹೇಳಲಿಲ್ಲ ಅಂತ ಕಾಣ್ತದೆ. ಚಹಾ ಕುಡಿ."

ಬಸ್ಸಿನಲ್ಲಿ ಹಿಂದಿರುಗುವಾಗ ಹಾಲನ್ ಕಿಟಕಿಯ ಕಡೆ ತಿರುಗಿ ಕೂತಿದ್ದ. ನಾನು ಏನಾದರೂ ಹೇಳಬೇಕಿತ್ತು. ವೇದಿಕೆ ಮೇಲೆ ನಿಂತು ಎಷ್ಟೋ ಜನರನ್ನು "ಮುನ್ನುಗ್ಗಿ" ಎಂದು ಕೂಗಿ ಕಳಿಸಿದವನು ನಾನು. ಪೈಕಾರ ದಾಟಿದ ಮೇಲೆ ಅವನೇ ಕೇಳಿದ: "ಆ ಬೆರಳು ಹೋದ ಹುಡುಗನ ಹೆಸರು ಕೇಳಬೇಕಿತ್ತು ಅಲ್ಲವಾ?" ನಾನು ಹೌದು ಅಂದೆ. "ಕೇಳಿ ಏನು ಮಾಡ್ತಿದ್ದೆ?" ಎಂದು ಮತ್ತೆ ತನಗೆ ತಾನೇ ಕೇಳಿಕೊಂಡ.

ತಿಂಗಳ ಮೇಲೆ ಹೆದ್ದಾರಿಯವರು ಬಿದ್ದ ತಿರುವಿನ ಮೇಲುಭಾಗದಲ್ಲಿ ಗುಡ್ಡ ಕಡಿದು ತಾತ್ಕಾಲಿಕ ದಾರಿ ಮಾಡಿದರು. ಬರೀ ಮಣ್ಣು, ಒಂದು ಗಾಡಿಯ ಅಗಲ. ತಾಯಿಯ ಹೆಸರಿನಲ್ಲಿ ಅನ್ನ ಇಡುವ ದಿನಕ್ಕೆ ಇಂದ್ರಾಣಿ ತವರಿಗೆ ಹೋಗಬೇಕಿತ್ತು. ಜೀಪಿನಲ್ಲಿ ಅವರಿಬ್ಬರೇ. ಹಾಲನ್ ಹೊಸ ಮಣ್ಣಿನ ಮುಂದೆ ಎಂದಿನಂತೆ ನಿಲ್ಲಿಸಿದ. ಕೈ ಸಲಾಕೆಯ ಕಡೆ ಹೋಗುವಷ್ಟರಲ್ಲಿ ಇಂದ್ರಾಣಿ ಬಾಗಿಲು ತೆಗೆದು ಇಳಿದಳು. ಅನ್ನದ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು ಆ ಮಣ್ಣಿನ ಮೇಲೆ ನಡೆದೇ ದಾಟಿ, ಆಚೆ ಹೋಗಿ ಬೆನ್ನು ಹಾಕಿ ನಿಂತಳು. ಕರೆಯಲಿಲ್ಲ, ಕೈ ಬೀಸಲಿಲ್ಲ.

ಹಾಲನಿಗೆ ಅದು ಅರ್ಥವಾಗಲಿಲ್ಲ. ಬಾ ಅಂತಲೋ, ನೀನಿಲ್ಲದೆಯೂ ಹೋಗುತ್ತೇನೆ ಅಂತಲೋ, ನೀ ಏನು ಮಾಡುತ್ತೀಯೋ ನೋಡುತ್ತೇನೆ ಅಂತಲೋ. ಸ್ಟಿಯರಿಂಗ್ ಹಿಡಿದು ಹತ್ತು ನಿಮಿಷ ಕೂತ. ಆ ಬೆನ್ನು ಅಲುಗಲಿಲ್ಲ. ಕೊನೆಗೆ ಇಳಿಯದೆ, ಸಲಾಕೆ ಮುಟ್ಟದೆ, ಗೇರ್ ಹಾಕಿ ದಾಟಿಬಿಟ್ಟ. ನಡುವೆ ಹಿಂದಿನ ಚಕ್ರದಡಿಯಲ್ಲಿ ಮಣ್ಣು ಕುಸಿದದ್ದು ಅವನಿಗೆ ಗೊತ್ತಾಯಿತು. ಜೀಪು ಅವಳ ಪಕ್ಕಕ್ಕೆ ಬಂದು ನಿಂತಿತು.

ಇಂದ್ರಾಣಿ ತಿರುಗಿದಳು. ಮುಖ ಕೆಂಡವಾಗಿತ್ತು.

"ಇಳಿದು ನೋಡದೆ ಯಾಕೆ ಬಂದೆ?"

"ನೀ ದಾಟಿ ನಿಂತಿದ್ದೆ."

"ನಾ ಒಬ್ಬ ಹೆಂಗಸು, ಕೈಯಲ್ಲಿ ಒಂದು ಪಾತ್ರೆ. ನಿನ್ನ ಜೀಪು ನನ್ನಷ್ಟೇ ತೂಕವಾ? ಬುದ್ಧಿ ಇದೆಯಾ ನಿಂಗೆ? ಬಿದ್ದಿದ್ದರೆ?"

"ಮತ್ತೆ ನೀ ಯಾಕೆ ಹಂಗೆ ಹೋಗಿ ನಿಂತೆ?"

"ಈ ಸಲ ನಿನ್ನ ಮಾತಿಗೆ ಕಾಯೋದು ಬೇಡ ಅಂತ ಇಳಿದೆ. ನೀ ನೋಡಿ, ತಿರುಗಿಸಿ, ಎಷ್ಟು ಹೊತ್ತಿಗಾದರೂ ಸುತ್ತಿ ಬಾ, ನಾ ನಡೆದೇ ಹೋಗಿರ್ತೀನಿ ಅಂತ."

"ಹಂಗಂತ ಬಾಯಿಬಿಟ್ಟು ಹೇಳಬಾರದಿತ್ತಾ?"

ಅವಳು ಪಾತ್ರೆ ಒಳಗಿಟ್ಟು ಹತ್ತಿ ಕೂತಳು. ಹಾಲನ್ ಇಂಜಿನ್ ಆರಿಸಿ ಇನ್ನೂ ಅವಳ ಕಡೆಯೇ ನೋಡುತ್ತಿದ್ದ.

"ಹಾಗಾದ್ರೆ ನಾ ಏನು ಮಾಡಬೇಕಿತ್ತು? ಬರಬೇಕಿತ್ತಾ, ಬರಬಾರದಿತ್ತಾ?"

"ನಂಗೇನು ಗೊತ್ತು?" ಎಂದಳು ಇಂದ್ರಾಣಿ. "ಓಡಿಸು. ಅಣ್ಣ ಕಾಯ್ತಿರ್ತಾನೆ."